ಕೇರಿಗೆ ಕರೆಂಟು ಬಂತು, ಅರ್ಥು ಬರಲಿಲ್ಲ

ಸ್ವಲ್ಪ ಉದ್ದದ ಪೋಸ್ಟು, ಬಿಡುವು ಮಾಡ್ಕೊಂಡು ಓದಿ. ಓದಿದ ಮೇಲೆ ಎದ್ದು ಹೋಗಿ ನಿಮ್ಮ ಮನೆ ಮೀಟರ್ ಬೋರ್ಡ್ ಒಂದ್ಸಲ ನೋಡಿ.

ಕರ್ನಾಟಕದ ವಿದ್ಯುತ್ ಚರಿತ್ರೆ ಅಂದ್ರೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಎರಡು ಮೂರು ಸಾಲು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ, 1905ರಲ್ಲಿ ಬೆಂಗಳೂರಿಗೆ ಬೀದಿದೀಪ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ 1902ರಿಂದ 1905ರವರೆಗೆ ಆ ಕರೆಂಟು ಎಲ್ಲಿತ್ತು ಅಂತ ಮೇಷ್ಟ್ರು ಕೇಳಲಿಲ್ಲ, ನಾವೂ ಕೇಳಲಿಲ್ಲ. ಅದು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 92 ಮೈಲಿ, ಅಂದ್ರೆ ಸುಮಾರು 147 ಕಿಲೋಮೀಟರ್ ಉದ್ದ ಕಂಬ ನೆಟ್ಟು ತಂತಿ ಎಳೆದರು. ದಾರಿಯಲ್ಲಿದ್ದ ಹಳ್ಳಿಗಳ ನೆತ್ತಿ ಮೇಲೆ ಕರೆಂಟು ಹಾದು ಹೋಯ್ತು, ಕೆಳಗೆ ಸೀಮೆಎಣ್ಣೆ ಬುಡ್ಡಿ ಉರೀತಾ ಇತ್ತು.

ಆ ಗಣಿಯೊಳಗೆ ಇಳೀತಿದ್ದವರು ಯಾರು? ಉತ್ತರ ಆರ್ಕಾಟು, ಚಿತ್ತೂರು, ಕೋಲಾರ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಬಹುಪಾಲು ನಮ್ಮವರೇ, ಆದಿದ್ರಾವಿಡರು. ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆ ಅಷ್ಟು ಹಿಂದೆಯೇ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿದ್ದು ಸುಮ್ಮನೆ ಅಲ್ಲ (ಅದರ ಬಗ್ಗೆ ಬೇರೆಯದೇ ಪೋಸ್ಟ್ ಬರೀಬೇಕು). ಶಿವನಸಮುದ್ರದ ಕರೆಂಟು ಬಂದದ್ದು ಯಂತ್ರಗಳಿಗೆ. ಬಿದಿರು ತಟ್ಟಿಯ ಸಾಲುಮನೆಗಳಲ್ಲಿ ಇದ್ದವರಿಗಾಗಿ ಯಾರೂ 147 ಕಿಲೋಮೀಟರ್ ತಂತಿ ಎಳೆಯಲಿಲ್ಲ. ನಮ್ಮ ತಾತನ ತಲೆಮಾರಿನವರು ಅಲ್ಲಿಗೆ ಕೂಲಿಗೆ ಹೋಗಿದ್ದವರು. ಹೊತ್ತು ಮುಳುಗಿದ ಮೇಲೆ ಬೆಳಕು ಕಾಣಬೇಕು ಅಂದ್ರೆ ನೆಲದೊಳಗೆ ಇಳೀಬೇಕಿತ್ತು ಅಂತ ಅಜ್ಜಿ ಹೇಳೋರು.

ಮುಂದಿನ ಹೆಸರು ಬಾಬಾಸಾಹೇಬರದು. ನಮ್ಮ ಎಷ್ಟೋ ಕಾರ್ಯಕರ್ತರಿಗೇ ಇದು ಗೊತ್ತಿಲ್ಲ. 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ವಿಷಯವೂ ಅವರ ಕೈಯಲ್ಲೇ ಇತ್ತು. 1943ರ ಅಕ್ಟೋಬರ್‌ನಲ್ಲಿ ವಿದ್ಯುತ್ ನೀತಿ ಸಮಿತಿಯ ಸಭೆಯಲ್ಲಿ ಅವರು ಇಟ್ಟ ವಾದ ನೇರ: ಈ ದೇಶದ ಬಡತನ ಹೋಗಬೇಕಾದ್ರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ, ಯಥೇಚ್ಛ ವಿದ್ಯುತ್ ಬೇಕು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಆಯ್ತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆ, ಅದರಡಿ ರಾಜ್ಯಗಳ ವಿದ್ಯುತ್ ಮಂಡಳಿಗಳು. ನಮ್ಮ ಕೆಇಬಿ 1957ರದ್ದು. ಬಾಬಾಸಾಹೇಬರ ಫೋಟೋ ಇಲ್ಲದ ಕೇರಿ ಮನೆ ಇಲ್ಲ. ಆ ಫೋಟೋ ಮೇಲಿನ ಸೀರಿಯಲ್ ಸೆಟ್ಟಿನ ಕರೆಂಟಿನ ಹಿಂದೆಯೂ ಅವರು ಇದ್ದಾರೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಆದ್ರೂ ಕೇರಿಗೆ ಕರೆಂಟು ಬರೋಕೆ ಇನ್ನೂ ಒಂದು ತಲೆಮಾರು ಹಿಡೀತು. ಊರಿಗೆ ಕಂಬ ಬಂತು, ಕೊನೇ ಕಂಬ ಊರ ಬಾಗಿಲಲ್ಲೇ ನಿಂತಿತು. ಸರ್ಕಾರದ ಲೆಕ್ಕದಲ್ಲಿ 'ಹಳ್ಳಿ ವಿದ್ಯುದೀಕರಣ ಆಗಿದೆ'. ಕೇರಿ ಅದೇ ಹಳ್ಳಿಯ ಪಾಲು ಅಲ್ಲವಾ ಅಂತ ಕೇಳಿದ್ರೆ, ಬಾವಿ ವಿಷಯದಲ್ಲಿ ಬಂದ ಉತ್ತರವೇ ಇಲ್ಲೂ.

1980ರ ಆಸುಪಾಸಿನಲ್ಲಿ ರಾಜ್ಯದ ಭಾಗ್ಯಜ್ಯೋತಿ ಬಂತು, 1988-89ರಲ್ಲಿ ಕೇಂದ್ರದ ಕುಟೀರ ಜ್ಯೋತಿ. ಬಡವರ ಮನೆಗೆ ಒಂದು ಬಲ್ಬಿನ ಕನೆಕ್ಷನ್. ನಮ್ಮ ಮನೆಗೆ ಹಾಕಿದ್ದು 40 ವ್ಯಾಟಿನದು. ಅವತ್ತು ಅಮ್ಮ ಅದಕ್ಕೆ ಕುಂಕುಮ ಇಟ್ಟಿದ್ದರು. ಆ ಬಲ್ಬಿನ ಕೆಳಗೆ ಓದಿ ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಆ ಯೋಜನೆ ಬಗ್ಗೆ ಹಗುರವಾಗಿ ಮಾತಾಡಲ್ಲ. ಆದರೆ ಲೆಕ್ಕ ಲೆಕ್ಕವೇ. ಬಂಗಾರಪ್ಪನವರ ಕಾಲದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು ಕೊಟ್ಟರು. 10 ಎಚ್.ಪಿ. ಅಂದ್ರೆ ಸುಮಾರು 7,500 ವ್ಯಾಟ್. ಜಮೀನು ಇದ್ದವನಿಗೆ 7,500, ಇಲ್ಲದವನಿಗೆ 40. ರೈತರಿಗೆ ಕೊಟ್ಟಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅಳತೆ ನೋಡಿ ಅಂತಿದೀನಿ.

ಈಗ ಅಸಲು ವಿಷಯ. ಆ ಒಂದು ಬಲ್ಬಿಗೆ ಅವರು ಎಳೆದದ್ದು ಎರಡೇ ತಂತಿ: ಫೇಸು, ನ್ಯೂಟ್ರಲ್ಲು. ಮೂರನೇ ತಂತಿ, ನೆಲಕ್ಕೆ ಹೋಗೋ ಅರ್ಥ್ ತಂತಿ, ನಮ್ಮ ಕೇರಿಯಲ್ಲಿ ಒಂದು ಮನೆಗೂ ಇರಲಿಲ್ಲ. ಬಲ್ಬಿಗೆ ಅದು ಬೇಕಿಲ್ಲ ನಿಜ. ಆದರೆ ಮನುಷ್ಯರು ಬಲ್ಬಿಗೆ ನಿಲ್ತಾರಾ? ಮೊದಲು ಬಲ್ಬಿನ ಹೋಲ್ಡರ್‌ನಿಂದಲೇ ರೇಡಿಯೋಗೆ ವೈರು. ಆಮೇಲೆ ಟಿವಿ. ಮಿಕ್ಸಿ. ಮಗಳ ಮದುವೆ, ಬಾಣಂತನಕ್ಕೆ ನೀರು ಕಾಯಿಸೋಕೆ ಹೀಟರ್ ಕಾಯಿಲ್. ಮೊಬೈಲು, ಫ್ರಿಜ್ಜು. ಎಲ್ಲಾ ಅದೇ ಎರಡು ತಂತಿಗೆ, ಟೇಪು ಸುತ್ತಿದ ಜಾಯಿಂಟ್ ಮೇಲೆ ಜಾಯಿಂಟು. ಜನತಾ ಮನೆ, ಆಶ್ರಯ ಮನೆಗಳ ಗೋಡೆ ಇವತ್ತು ನೋಡಿ, ಹಾಗೇ ಇದೆ.

40 ವ್ಯಾಟ್ ಬಲ್ಬು ಎಳೆಯೋದು ಒಂದು ಆಂಪಿಯರ್‌ನ ಐದನೇ ಒಂದು ಭಾಗಕ್ಕಿಂತ ಕಡಿಮೆ. 2,000 ವ್ಯಾಟ್ ಗೀಸರು ಸುಮಾರು ಒಂಬತ್ತು ಆಂಪಿಯರ್. ಐವತ್ತು ಪಟ್ಟು. ತೆಳು ವೈರು ಕಾಯುತ್ತೆ, ಮೇಲಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಬಿರುಕು ಬಿಡುತ್ತೆ. 'ಫ್ಯೂಸ್ ಇದೆಯಲ್ಲ' ಅಂತಾರೆ. ಆ ಫ್ಯೂಸಿಗೂ ಪದೇಪದೇ ಹೋಗುತ್ತೆ ಅಂತ ದಪ್ಪ ತಂತಿ ಸುತ್ತಿರ್ತೀವಿ. ಅದಕ್ಕಿಂತ ಮುಖ್ಯ: ಫ್ಯೂಸ್ ಕಾಯೋದು ವೈರನ್ನ, ಮನುಷ್ಯನನ್ನಲ್ಲ. 5 ಆಂಪಿಯರ್ ಫ್ಯೂಸ್ ಐದು ಆಂಪಿಯರ್ ದಾಟೋತನಕ ಸುಮ್ಮನಿರುತ್ತೆ. ಮನುಷ್ಯನ ಎದೆ ನಿಲ್ಲೋಕೆ ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು. ಅಂದ್ರೆ ಆ 40 ವ್ಯಾಟ್ ಬಲ್ಬಿನ ಕರೆಂಟಿಗಿಂತ ಕಡಿಮೆ. ಸತ್ತವರ ಮನೆಗೆ ಹೋಗಿ ನೋಡಿ, ಫ್ಯೂಸ್ ಹೋಗಿರಲ್ಲ, ಬಲ್ಬು ಉರೀತಾನೇ ಇರುತ್ತೆ.

ಪೇಪರಿನ ಮೂಲೆಯಲ್ಲಿ ಮಳೆಗಾಲ ಬಂದ್ರೆ ಒಂದು ಸುದ್ದಿ ತಪ್ಪದೇ ಬರುತ್ತೆ: 'ಬಟ್ಟೆ ಒಣಹಾಕುವಾಗ ವಿದ್ಯುತ್ ತಗುಲಿ ಮಹಿಳೆ ಸಾವು'. ಕಂಬದಿಂದ ಬಂದ ಸರ್ವೀಸ್ ವೈರು ತಗಡಿನ ಶೀಟಿನ ಅಂಚಿಗೆ ತಾಕ್ಕೊಂಡು ಒಳಗೆ ಹೋಗುತ್ತೆ. ಗಾಳಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿಯುತ್ತೆ. ಇಡೀ ಶೀಟಿಗೆ ಕರೆಂಟು. ಬಟ್ಟೆ ಹಾಕೋ ಕಬ್ಬಿಣದ ತಂತಿ ಕಟ್ಟಿರೋದು ಅದೇ ಶೀಟಿನ ಮೊಳೆಗೆ. ಒದ್ದೆ ಸೀರೆ, ಬರಿಗಾಲು, ಒದ್ದೆ ನೆಲ. ತಾಯಿ ಬಿದ್ದಳು ಅಂತ ಹಿಡಿಯೋಕೆ ಹೋದ ಮಗನೂ ಹೋಗ್ತಾನೆ. ಪೊಲೀಸರು 'ಆಕಸ್ಮಿಕ' ಅಂತ ಬರ್ಕೊಂಡು ಹೋಗ್ತಾರೆ.

ಆಕಸ್ಮಿಕ ಅಲ್ಲ ಅಂತ ನಾನು ಹೇಳೋದಕ್ಕೆ ಕಾರಣ ಇದೆ. 1956ರಲ್ಲಿ, ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡ ವರ್ಷವೇ, ಭಾರತೀಯ ವಿದ್ಯುತ್ ನಿಯಮಗಳು ಬಂದವು. ಅದರ 33ನೇ ನಿಯಮದಲ್ಲಿ ಒಂದು ಮಾತಿದೆ: ಕರೆಂಟು ಕೊಡೋನು ಗ್ರಾಹಕರ ಜಾಗದಲ್ಲಿ, ಕರೆಂಟು ಒಳಗೆ ಬರೋ ಕಡೆ, ಕೈಗೆ ಸಿಗೋ ಹಾಗೆ ಒಂದು ಅರ್ಥ್ ಟರ್ಮಿನಲ್ ಕೊಟ್ಟು ಅದನ್ನ ಸುಸ್ಥಿತಿಯಲ್ಲಿ ಇಡಬೇಕು. 2010ರ ಸುರಕ್ಷತಾ ನಿಯಮಾವಳಿಯಲ್ಲೂ ಆ ಅಂಶ ಮುಂದುವರೀತು. ಅಂದ್ರೆ ಭಾಗ್ಯಜ್ಯೋತಿ ಕನೆಕ್ಷನ್ ಕೊಡೋ ಹೊತ್ತಿಗೆ ಈ ನಿಯಮಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಅರ್ಥಿಂಗ್ ಅಂದ್ರೆ ಏನು ಮಹಾ? ಒಂದು ಗುಂಡಿ, ಒಂದು ಪೈಪು ಇಲ್ಲವೇ ಪ್ಲೇಟು, ಇದ್ದಿಲು, ಉಪ್ಪು, ಒಂದು ತಂತಿ. ದಲಿತ ಸಂಘರ್ಷ ಸಮಿತಿ ಎಪ್ಪತ್ತರ ದಶಕದಿಂದ ಭೂಮಿ ಕೇಳ್ತಾ ಬಂತು. ಉಳೋಕೆ ಭೂಮಿನೂ ಕೊಡಲಿಲ್ಲ, ಕರೆಂಟು ಇಳಿದು ಹೋಗೋಕೆ ಒಂದು ಗುಂಡಿ ಭೂಮಿನೂ ಕೊಡಲಿಲ್ಲ.

ಇನ್ನು ಈ ಕೆಲಸ ಮಾಡೋರ ಜಾತಿ ವಿಷಯ. ನಮ್ಮ ಚಿಕ್ಕಪ್ಪ 1984ರಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ವೈರ್‌ಮನ್ ಪರ್ಮಿಟ್ ತಗೊಂಡವರು. ಐಟಿಐ ನಮ್ಮ ಹುಡುಗರಿಗೆ ಮಾಡಿದ ಉಪಕಾರ ದೊಡ್ಡದು. ಅಪ್ಪನ ಕುಲಕಸುಬು ಅಲ್ಲದ ಕಸುಬು, ಅದಕ್ಕೆ ಸರ್ಕಾರದ ಸೀಲು. ಟೌನಿನ ಹಳೇ ಮನೆಗಳ ವೈರಿಂಗ್ ಬದಲಾಯಿಸೋ ಕೆಲಸ ಅವರಿಗೆ ಬಹಳ ಬರ್ತಿತ್ತು. ಮರದ ರೀಪಿನ ಮೇಲೆ ಕ್ಲಿಪ್ ಹೊಡೆದು ಓಡಿಸಿದ ರಬ್ಬರ್ ವೈರು, ಕಪ್ಪು ಉಬ್ಬು ಸ್ವಿಚ್ಚು, ಪಿಂಗಾಣಿ ಫ್ಯೂಸು. ಮುಟ್ಟಿದ್ರೆ ಆ ರಬ್ಬರು ಒಣಗಿದ ಹುಣಸೆ ಸಿಪ್ಪೆ ಥರ ಉದುರೋದು.

ಒಂದು ಮನೆಯಲ್ಲಿ ಜಗುಲಿ, ಹಾಲು, ಮಲಗೋ ಕೋಣೆ ಎಲ್ಲಾ ಮುಗೀತು. ಅಡುಗೆಮನೆ, ದೇವರಕೋಣೆ ಬಾಗಿಲಿಗೆ ಬಂದಾಗ ಯಜಮಾನರು, "ಅಲ್ಲಿ ಬೇಡಪ್ಪ, ಅದನ್ನ ನಮ್ಮೋರು ಯಾರನ್ನಾದ್ರೂ ಕರೆಸಿ ಮಾಡಿಸ್ಕೋತೀವಿ" ಅಂದ್ರಂತೆ. ಚಿಕ್ಕಪ್ಪ, "ಸ್ವಾಮಿ, ಮಿಕ್ಸಿ, ಫ್ರಿಜ್ಜು ಇರೋದು ಅಲ್ಲೇ, ಹಳೇ ವೈರು ತಡೆಯಲ್ಲ" ಅಂತ ಹೇಳಿ ಬಂದರು. ವರ್ಷ ಆದ್ರೂ ಅವರ ಕಡೆಯೋರು ಯಾರೂ ಸಿಗಲಿಲ್ಲ. ಒಂದೇ ಮನೆಯಲ್ಲಿ ಎರಡು ಜಾತಿ ವೈರಿಂಗು. ಮಡಿ ಇರೋ ಕಡೆಯೇ ಶಾಕ್ ಹೊಡೀತಿತ್ತು ಅಂತ ಚಿಕ್ಕಪ್ಪ ನಗೋರು. ನಾವೂ ನಗ್ತಿದ್ವಿ. ಆ ಅಡುಗೆಮನೆಯಲ್ಲಿ ನಿಲ್ತಿದ್ದ ಹೆಣ್ಣುಮಗಳನ್ನ ನೆನೆಸ್ಕೊಂಡ್ರೆ ಈಗ ನಗು ಬರಲ್ಲ.

ಇವತ್ತೂ ಕಂಬ ಹತ್ತೋ ಹುಡುಗರಲ್ಲಿ, ಅದ್ರಲ್ಲೂ ಗುತ್ತಿಗೆಯವರಲ್ಲಿ, ನಮ್ಮ ಕೇರಿಯವರು ಎಷ್ಟು, ಆಫೀಸಿನ ಕುರ್ಚಿಯಲ್ಲಿ ಎಷ್ಟು ಅಂತ ನಿಮ್ಮ ನಿಮ್ಮ ಊರಲ್ಲಿ ಎಣಿಸಿ ನೋಡಿ. ನಾನು ನಮ್ಮೂರಲ್ಲಿ ಎಣಿಸಿದೀನಿ.

ಹೋದ ವರ್ಷದಿಂದ ನಮ್ಮ ಕೇರಿಯ ಹಳೇ ಮನೆಗಳ ವೈರಿಂಗ್ ನೋಡ್ತಾ ಇದೀವಿ. ಕೆಲಸಕ್ಕೆ ಹಿಡಿದಿರೋದು ನಮ್ಮದೇ ಕೇರಿಯ ಒಬ್ಬ ಹುಡುಗನ್ನ. ಟೌನಿನಿಂದ ಕರೆಸಿದವನು ಮಧ್ಯಾಹ್ನ ನಮ್ಮ ಮನೆ ನೀರು ಕುಡಿಯದೇ ಹೋದ ಅನ್ನೋದು ಒಂದು ಕಾರಣ. ಇನ್ನೊಂದು, ಶಾಕ್ ಹೊಡೀತು ಅಂದ್ರೆ ರಾತ್ರಿ ಹತ್ತಕ್ಕೆ ಓಡಿ ಬರೋನು ಪಕ್ಕದ ಮನೆಯವನೇ. ಆದರೆ ನಮ್ಮವನು ಅಂತ ಸುಮ್ಮನೆ ಕೊಟ್ಟಿಲ್ಲ. ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇದೆಯಾ ಕೇಳಿ. ಮನೆ ಲೋಡ್ ಜಾಸ್ತಿ ಮಾಡಿಸೋಕೆ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಸಹಿ ಬೇಕು, ಅದನ್ನ ಮೊದಲೇ ಮಾತಾಡ್ಕೊಳಿ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಐಎಸ್ಐ ಗುರುತಿನದು. ದುಡ್ಡು ಸಾಲಲ್ಲ ಅಂದ್ರೆ ಬಣ್ಣ, ಡಿಸೈನ್ ಸ್ವಿಚ್ಚು ಎಲ್ಲಾ ಬಿಡಿ. ಮೊದಲು ಅರ್ಥಿಂಗ್, ಆಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಕರೆಂಟು ಮನುಷ್ಯನ ಮೈ ಮೂಲಕ ಸೋರಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಲೈನ್ ಕಡಿಯೋದು ಅದೇ. ಒಂದೆರಡು ಸಾವಿರ ಆಗುತ್ತೆ. ಅದರ ಮೇಲೆ 'ಟೆಸ್ಟ್' ಅಂತ ಒಂದು ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ, ಬಿದ್ದರೆ ಸರಿ ಇದೆ ಅಂತ. ಬಟ್ಟೆ ತಂತಿ ಕಬ್ಬಿಣದ್ದು ಇದ್ರೆ ಇವತ್ತೇ ಬಿಚ್ಚಿ ನೈಲಾನ್ ಹಗ್ಗ ಕಟ್ಟಿ, ಅದಕ್ಕೆ ಯಾವ ಎಲೆಕ್ಟ್ರಿಷಿಯನ್ನೂ ಬೇಡ.

2023ರ ಗೃಹಜ್ಯೋತಿ ಬಂದ ಮೇಲೆ ಕೇರಿಯಲ್ಲೂ ಫ್ರಿಜ್ಜು, ಗೀಸರು ಜಾಸ್ತಿ ಆಗಿವೆ. ಆಗಲಿ, ಸಂತೋಷ. ಯೂನಿಟ್ಟು 200ರವರೆಗೆ ಉಚಿತ ಆಯ್ತು, ವೈರು ಮಾತ್ರ ಒಂದು ಬಲ್ಬಿನ ಕಾಲದ್ದೇ. ಎಸ್‌ಸಿಎಸ್‌ಪಿ ದುಡ್ಡನ್ನ ಎಲ್ಲೆಲ್ಲಿಗೋ ತಿರುಗಿಸ್ತಾರಲ್ಲ, ಅದರಲ್ಲಿ ಕೇರಿ ಮನೆಗಳ ರೀವೈರಿಂಗ್, ಅರ್ಥಿಂಗ್, ಆರ್‌ಸಿಸಿಬಿ ಅಂತ ಒಂದು ಬಾಬ್ತು ಯಾಕೆ ಇರಬಾರದು?

ನಮ್ಮ ಕೇರಿಯ ಪರವಾಗಿ ಅರ್ಥ್ ಟರ್ಮಿನಲ್ ಕೇಳಿ, ನಿಯಮ ನಮೂದಿಸಿ, ಒಂದೊಂದು ಮನೆಯ ಆರ್.ಆರ್. ನಂಬರ್ ಬರೆದು ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟಿದೀವಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲು ಹಾಕಿಸ್ಕೊಂಡಿದೀವಿ, ನೀವೂ ಹಾಕಿಸ್ಕೊಳ್ಳದೇ ಬರಬೇಡಿ. ಅರ್ಜಿಯ ನಕಲು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ನಿಮ್ಮೂರ ಹೆಸರು ಬದಲಾಯಿಸ್ಕೊಂಡ್ರೆ ಸಾಕು.