ಅಮೆರಿಕದಲ್ಲಿ ಖಾಯಂ ನಿವಾಸದ ಹಕ್ಕು: ಒಂದು ಐತಿಹಾಸಿಕ ವಿವೇಚನೆ

ಪರದೇಶದಿಂದ ಬಂದು ನೆಲಸಿದವನು ಯಾವಾಗ ಆ ನಾಡಿನವನಾಗುತ್ತಾನೆ? ಈ ಪ್ರಶ್ನೆಗೆ ಉತ್ತರವನ್ನು ಪೌರತ್ವದ ಶಾಸನಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಪೌರತ್ವಕ್ಕೆ ಮುಂಚಿನ ಮೆಟ್ಟಿಲೊಂದುಂಟು. ಅದೇ ಖಾಯಂ ನಿವಾಸದ ಹಕ್ಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಹಕ್ಕಿಗೆ ನಾಲ್ಕು ಮುಖ್ಯ ಆಧಾರಗಳು ಕಂಡುಬರುತ್ತವೆ: ಬಂಧುತ್ವ, ದುಡಿಮೆ, ಆಶ್ರಯ ಮತ್ತು ದೀರ್ಘವಾಸ. ಮೊದಲ ಮೂರು ಎಲ್ಲರಿಗೂ ಪರಿಚಿತ. ನಾಲ್ಕನೆಯದು ಬಹುಮಟ್ಟಿಗೆ ಮರೆವಿಗೆ ಸಂದಿದೆ. ಇಡೀ ವ್ಯವಸ್ಥೆಯ ನ್ಯಾಯಾನ್ಯಾಯಗಳನ್ನು ಅಳೆಯಲು ಈ ನಾಲ್ಕನೆಯದೇ ತಕ್ಕ ಒರೆಗಲ್ಲೆಂದು ನಮ್ಮ ಅಭಿಪ್ರಾಯ.

1924ರ ವಲಸೆ ಶಾಸನವು 1890ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು, ಅಲ್ಲಿ ಆಗ ನೆಲಸಿದ್ದ ಆಯಾ ದೇಶದವರ ಸಂಖ್ಯೆಯ ಶೇಕಡಾ 2ರಷ್ಟನ್ನು ಆ ದೇಶದ ವಾರ್ಷಿಕ ಪಾಲೆಂದು ಗೊತ್ತುಮಾಡಿತು. ಪೌರತ್ವಕ್ಕೆ ಅನರ್ಹರೆನಿಸಿದ ಏಷ್ಯದವರಿಗಂತೂ ಬಾಗಿಲನ್ನೇ ಮುಚ್ಚಿತು. ಭಾರತೀಯರು ಹೀಗೆ ಅನರ್ಹರೆಂಬುದನ್ನು ಅದರ ಹಿಂದಿನ ವರ್ಷವೇ, ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಸಾರಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಥಿಂದ್ ಅವರು ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರು. ಆ ಸೇವೆಯೂ ಜನಾಂಗದ ಗೆರೆಯನ್ನು ಅಳಿಸಲಾರದೆ ಹೋಯಿತು.

ಇಷ್ಟು ಕಠಿಣವಾದ ನಿಯಮಗಳ ಕಾಲದಲ್ಲಿಯೇ ದೀರ್ಘವಾಸದ ದಾರಿಯೂ ತೆರೆದುಕೊಂಡಿತೆಂಬುದು ಗಮನಾರ್ಹ. 1929ರ ಮಾರ್ಚ್ 2ರ ನೋಂದಣಿ ಶಾಸನದಂತೆ, 1921ರ ಜೂನ್ 3ಕ್ಕೆ ಮುಂಚೆ ಬಂದು ಅಲ್ಲಿಯೇ ವಾಸವಾಗಿದ್ದು, ಪ್ರವೇಶದ ದಾಖಲೆಯಿಲ್ಲದವರು 20 ಡಾಲರು ಶುಲ್ಕ ತೆತ್ತು, ತಮ್ಮ ಸನ್ನಡತೆಯನ್ನು ತೋರಿಸಿಕೊಟ್ಟು, ಖಾಯಂ ನಿವಾಸಿಗಳಾಗಬಹುದಾಗಿತ್ತು. ಪೌರತ್ವಕ್ಕೆ ಅನರ್ಹರಾದವರಿಗೆ ಇದೂ ದೊರೆಯಲಿಲ್ಲ. ಎಂದರೆ ಅದರ ಲಾಭ ಮುಖ್ಯವಾಗಿ ಯೂರೋಪಿನವರದು. ಆದರೂ ಅದರೊಳಗಿನ ತತ್ತ್ವ ಹಿರಿದಾದುದು. ಬಂದ ಬಗೆ ಹೇಗೇ ಇರಲಿ, ಬೇರೂರಿದ ಬಾಳನ್ನು ಕೀಳುವುದು ಉಚಿತವಲ್ಲವೆಂದು ರಾಜ್ಯವೇ ಒಪ್ಪಿಕೊಂಡಂತಾಯಿತು.

ಇತರ ದಾರಿಗಳು ಮುಂದೆ ಒಂದೊಂದಾಗಿ ಅಗಲವಾದುವು. 1946ರ ಶಾಸನವು ಭಾರತೀಯರಿಗೆ ಪೌರತ್ವದ ಅರ್ಹತೆಯನ್ನು ಕೊಟ್ಟು, ವರ್ಷಕ್ಕೆ 100 ಮಂದಿಯ ಪಾಲನ್ನು ವಿಧಿಸಿತು. ಅದರಿಂದ ಪೌರತ್ವ ಪಡೆದ ದಲೀಪ್ ಸಿಂಗ್ ಸೌಂದ್ ಅವರು 1956ರಲ್ಲಿ ಕ್ಯಾಲಿಫೋರ್ನಿಯದಿಂದ ಕಾಂಗ್ರೆಸ್ಸಿಗೆ ಚುನಾಯಿತರಾದರು. 1965ರ ಶಾಸನವು ರಾಷ್ಟ್ರಮೂಲದ ಪಾಲುಗಳನ್ನು ರದ್ದುಗೊಳಿಸಿ, ಬಂಧುತ್ವಕ್ಕೆ ಹೆಚ್ಚಿನ ಸ್ಥಾನವನ್ನೂ ಕೌಶಲಕ್ಕೆ ಅದರ ಮುಂದಿನ ಸ್ಥಾನವನ್ನೂ ಕೊಟ್ಟಿತು. 1980ರ ಶಾಸನವು ಆಶ್ರಿತರಿಗೆ ಒಂದು ವರ್ಷದ ವಾಸದ ಮೇಲೆ ಖಾಯಂ ಹಕ್ಕನ್ನು ಬೇಡುವ ಕ್ರಮವನ್ನು ನಿಯತಗೊಳಿಸಿತು. 1990ರ ಶಾಸನವು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಸ್ಥಾನಗಳನ್ನಿರಿಸಿತು. ಕಡಿಮೆ ವಲಸೆಗಾರರನ್ನು ಕಳುಹಿಸಿದ ದೇಶಗಳಿಗೆಂದು 55,000 ಸ್ಥಾನಗಳನ್ನು ಚೀಟಿಯೆತ್ತಿ ಹಂಚುವ ಪದ್ಧತಿಯನ್ನೂ ತಂದಿತು.

ಆದರೆ ಹುಟ್ಟಿದ ನೆಲದ ಲೆಕ್ಕ ಪೂರ್ತಿಯಾಗಿ ಅಳಿಯಲಿಲ್ಲ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಈ ಮಿತಿಯುಳ್ಳ ಸ್ಥಾನಗಳಲ್ಲಿ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು. ನಿಯಮ ಎಲ್ಲ ದೇಶಗಳಿಗೂ ಸಮಾನ, ಫಲ ಸಮಾನವಲ್ಲ. ಬೆಂಗಳೂರಿನಿಂದ ಹೋದ ಇಂಜಿನಿಯರು ಉದ್ಯೋಗದ ಮುಖ್ಯ ಶ್ರೇಣಿಗಳಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಸರತಿಯಲ್ಲಿ ನಿಲ್ಲಬೇಕಾಗಿ ಬಂದಿದೆ. ಅವನೊಡನೆ ಅದೇ ಕೆಲಸ ಮಾಡುವ, ಸಣ್ಣ ದೇಶದಲ್ಲಿ ಹುಟ್ಟಿದವನು ಅಷ್ಟರಲ್ಲಿ ಪೌರನೇ ಆಗಿರಬಹುದು.

ದೀರ್ಘವಾಸದ ದಾರಿಯಾದರೂ ಏನಾಯಿತು? ನೋಂದಣಿಯ ದಿನಾಂಕವನ್ನು 1939ರಲ್ಲಿ 1924ಕ್ಕೆ, 1958ರಲ್ಲಿ 1940ಕ್ಕೆ, 1965ರಲ್ಲಿ 1948ಕ್ಕೆ, 1986ರಲ್ಲಿ 1972ರ ಜನವರಿ 1ಕ್ಕೆ ಮುಂದೂಡಲಾಯಿತು. ಅದೇ 1986ರ ಶಾಸನದಿಂದ, 1982ಕ್ಕೆ ಮುಂಚೆ ಬಂದು ನೆಲಸಿದವರೂ ಕೃಷಿ ಕಾರ್ಮಿಕರೂ ಸೇರಿ ಸುಮಾರು 27 ಲಕ್ಷ ಮಂದಿ ಖಾಯಂ ನಿವಾಸಿಗಳಾದರು. ಆದರೆ ಅದು ಒಂದು ಸಲದ ಕ್ಷಮೆ. ಆ ಬಳಿಕ ನೋಂದಣಿಯ ದಿನಾಂಕ ಮುಂದೆ ಸರಿಯಲಿಲ್ಲ. 1929ರಲ್ಲಿ 8 ವರ್ಷಗಳ ವಾಸವೂ 1986ರಲ್ಲಿ 14 ವರ್ಷಗಳ ವಾಸವೂ ಸಾಕಾಗಿದ್ದರೆ, ಇಂದು ಅರ್ಧ ಶತಮಾನವನ್ನು ಮೀರಿದ ವಾಸ ಬೇಕಾಗಿದೆ. ಶಾಸನವನ್ನು ಯಾರೂ ರದ್ದುಮಾಡಲಿಲ್ಲ; ಕಾಲವೇ ಅದನ್ನು ಬರಿದುಮಾಡಿತು.

ನಿಯಮ ಮುರಿದವನಿಗೆ ಬಹುಮಾನವೇಕೆಂಬ ಆಕ್ಷೇಪಣೆ ಹಗುರವಾದುದಲ್ಲ. ನಿಯಮಕ್ಕೆ ತಲೆಬಾಗಿ ಸರತಿಯಲ್ಲಿ ನಿಂತವರ ಪರವಾದ ಮಾತು ಅದು. ಆದರೆ ಕಾಲವು ಹಕ್ಕನ್ನು ಮೂಡಿಸುತ್ತದೆಂಬುದು ನ್ಯಾಯಶಾಸ್ತ್ರಕ್ಕೆ ಹೊಸದಲ್ಲ. ಅನ್ಯನೊಬ್ಬನು 12 ವರ್ಷ ಎದುರು ಹಕ್ಕಿನಿಂದ, ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿದ ಖಾಸಗಿ ಜಮೀನಿಗಾಗಿ ಹಳೆಯ ಒಡೆಯನು ತರುವ ದಾವೆಯನ್ನು ನಮ್ಮ ದೇಶದ 1963ರ ಕಾಲಮಿತಿ ಕಾಯಿದೆಯೂ ಪುರಸ್ಕರಿಸದು. ಮಣ್ಣಿನ ವಿಷಯದಲ್ಲಿ ಒಪ್ಪಿದ ಈ ತತ್ತ್ವವನ್ನು ಮನುಷ್ಯನ ವಿಷಯದಲ್ಲಿ ಒಪ್ಪದಿರಲು ತಕ್ಕ ಕಾರಣ ನಮಗೆ ತೋರದು. ಸರತಿಯಲ್ಲಿರುವವರಿಗೆ ಆಗುತ್ತಿರುವ ಅನ್ಯಾಯಕ್ಕೆ ಪರಿಹಾರ ಸರತಿಯನ್ನು ಸರಿಪಡಿಸುವುದೇ ಹೊರತು, ಬೇರೂರಿದವರನ್ನು ಕೀಳುವುದಲ್ಲ.

ಬಂಧುತ್ವ, ದುಡಿಮೆ, ಆಶ್ರಯಗಳು ವಲಸೆಗಾರನು ಏಕೆ ಬಂದನೆಂದು ಕೇಳುತ್ತವೆ. ದೀರ್ಘವಾಸವೊಂದೇ ಅವನು ಅಲ್ಲಿ ಹೇಗೆ ಬಾಳಿದನೆಂದು ಕೇಳುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಕೇಳುವ ಧೈರ್ಯ 1929ರ ಆ ಸಂಕುಚಿತ ಕಾಲಕ್ಕೂ ಇದ್ದಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು.