ಅಟ್ಟದ ಕೊಬ್ಬರಿ, ತಿಂಗಳ ಮಾತ್ರೆ: ತೆಂಗಿನ ಸೀಮೆಯಿಂದ ಕಂಡ ಮನೋಚಿಕಿತ್ಸೆಯ ಚರಿತ್ರೆ

ಕರ್ನಾಟಕದ ಮನೋಚಿಕಿತ್ಸೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬೆಂಗಳೂರಿನಿಂದಲೇ ಶುರು ಮಾಡುತ್ತಾರೆ. 19ನೇ ಶತಮಾನದ ನಡುಭಾಗದ ಹುಚ್ಚಾಸ್ಪತ್ರೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಕೊನೆಗೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇದೆಲ್ಲ ನಿಜವೇ. ಆದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯಲ್ಲಿ ನಿಂತು ಕೇಳಿದರೆ ಪ್ರಶ್ನೆಯೇ ಬೇರೆ: ರೋಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ಯಾರು? ಎರಡನೇ ತಿಂಗಳ ಮಾತ್ರೆ ತರುವವರು ಯಾರು?

ಈ ಸೀಮೆಯ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಬೇಕು. ಮಾರಿದಾಗ ದುಡ್ಡು ಒಟ್ಟಿಗೆ ಬರುತ್ತದೆ, ಉಳಿದ ತಿಂಗಳು ಸಾಲ, ಕೂಲಿ, ಹಾಲು. ಸ್ಕಿಜೋಫ್ರೇನಿಯಾದ ಮಾತ್ರೆಗೆ ಈ ಲೆಕ್ಕ ಗೊತ್ತಿಲ್ಲ. ಅದು ತಿಂಗಳಿಗೊಮ್ಮೆ ಮುಗಿಯುತ್ತದೆ, ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ನಿದ್ದೆ ಬಂದು, ಊಟ ಸೇರಿ, ಮಗ ಮತ್ತೆ ತೋಟಕ್ಕೆ ಹೋಗತೊಡಗಿದ ಮೇಲೆ ‘ವಾಸಿ ಆಯ್ತಲ್ಲ, ಇನ್ಯಾಕೆ ಮಾತ್ರೆ’ ಎನ್ನುವ ತಾಯಿಯನ್ನು ಮೌಢ್ಯದ ಖಾತೆಗೆ ಸೇರಿಸುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಜ್ವರದ ಮಾತ್ರೆಯ ಬಗ್ಗೆ ನಾವೆಲ್ಲ ಹೇಳುವುದೂ ಇದನ್ನೇ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದವಳೇ ಬೆಂಗಳೂರಿನ ಬಸ್ಸನ್ನೂ ಹತ್ತಿರುತ್ತಾಳೆ. ಅವಳಿಗೆ ಎರಡೂ ಖರ್ಚೇ.

ದೂರವನ್ನು ಕಡಿಮೆ ಮಾಡುವ ಯತ್ನ 1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಲು ಕಲಿಸುವುದು ಅಲ್ಲಿನ ಕೆಲಸ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.

ನಮ್ಮ ಸೀಮೆಗೆ ಹೆಚ್ಚು ಹತ್ತಿರದ್ದು ತುರುವೇಕೆರೆಯ ಕೆಲಸ. ನಿಮ್ಹಾನ್ಸ್‌ನ ಜಗದೀಶ ತೀರ್ಥಳ್ಳಿ, ನವೀನ್ ಕುಮಾರ್ ಮುಂತಾದವರು ಮೊದಲು ತೀರ್ಥಹಳ್ಳಿಯಲ್ಲಿ, ಆಮೇಲೆ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನು ಹಿಡಿದರು. ಔಷಧ ತೆಗೆದುಕೊಂಡವರ ದೈನಂದಿನ ಅಶಕ್ತತೆ ತೆಗೆದುಕೊಳ್ಳದವರಿಗಿಂತ ಕಡಿಮೆಯಾಯಿತೆಂದು ತೀರ್ಥಹಳ್ಳಿಯ ಅಧ್ಯಯನ ತೋರಿಸಿತು. ತುರುವೇಕೆರೆಯಲ್ಲಿ ಅವರು ಎತ್ತಿದ ಪ್ರಶ್ನೆ ನನಗೆ ಇನ್ನೂ ಮುಖ್ಯವೆನಿಸುತ್ತದೆ: ಚಿಕಿತ್ಸೆ ಮನೆಬಾಗಿಲಿಗೆ ಬಂದರೂ ಕೆಲವರು ಅದರಿಂದ ಹೊರಗೇ ಉಳಿಯುವುದೇಕೆ? ಆಸ್ಪತ್ರೆಯ ಕಡತದಲ್ಲಿ ಈ ಪ್ರಶ್ನೆ ಹುಟ್ಟುವಂತಿಲ್ಲ, ಬಾರದವರ ಹೆಸರೇ ಅಲ್ಲಿರುವುದಿಲ್ಲ. ಆಶಾ ಕಾರ್ಯಕರ್ತೆಗೆ ಮಾತ್ರ ಗೊತ್ತಿರುತ್ತದೆ, ಯಾರ ಮನೆಯ ಹಿತ್ತಿಲ ಕೋಣೆಗೆ ಹೊರಗಿನಿಂದ ಚಿಲಕ ಬಿದ್ದಿದೆ ಎಂದು. ಈ ರೋಗಿಗಳ ತೂಕ, ಸಕ್ಕರೆ, ರಕ್ತದೊತ್ತಡವನ್ನೂ ಅದೇ ತಾಲ್ಲೂಕಿನಲ್ಲಿ ಅಳೆದದ್ದು ಗಮನಾರ್ಹ. ತಲೆ ಕೆಟ್ಟವರಿಗೂ ದೇಹವಿದೆ ಎಂಬುದನ್ನು ಮರೆಯುವುದು ನಮ್ಮ ಹಳೇ ರೂಢಿ.

2014ರಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋರೋಗ ಕ್ಲಿನಿಕ್‌ಗೆ ವ್ಯವಸ್ಥೆ ಮಾಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹಂದನಕೆರೆಯವರಿಗೆ ಆ ಮಂಗಳವಾರ ಇರುವುದು ಚಿಕ್ಕನಾಯಕನಹಳ್ಳಿಯಲ್ಲಿ. ರೋಗಿ ಒಬ್ಬನೇ ಹೋಗುವ ಸ್ಥಿತಿಯಲ್ಲಿ ಇಲ್ಲದಿದ್ದರೆ ತಾಯಿಯೋ ತಮ್ಮನೋ ಜೊತೆಗೆ ಬಸ್ಸು ಹತ್ತಬೇಕು. ಕಾಯಿ ಸುಲಿಯುವ ಕೆಲಸ ಬಿಟ್ಟು ಹೋದವರಿಗೆ ಅಂದಿನ ಕೂಲಿ ಇಲ್ಲ. ಉಚಿತ ಮಾತ್ರೆಯ ಬೆಲೆ ಕಟ್ಟುವ ಸಂಶೋಧಕ ಈ ಕೂಲಿಯನ್ನೂ ಕೂಡಿಸಿಕೊಳ್ಳಬೇಕಾಗುತ್ತದೆ.