ಇಂಟರ್‌ವ್ಯೂ ಬದಲು ಲೆಗೊ: ಡೆನ್ಮಾರ್ಕಿನಿಂದ ವೈಟ್‌ಫೀಲ್ಡ್‌ವರೆಗೆ

ಇವತ್ತಿನ ಕಥೆ ಡೆನ್ಮಾರ್ಕಿನಲ್ಲಿ ಶುರುವಾಗಿ ಬೆಂಗಳೂರಿಗೆ ಬರುತ್ತೆ.

ಥೋರ್ಕಿಲ್ ಸೊನ್ನೆ ಅಂತ ಒಬ್ಬರು. (ನಗಬೇಡಿ, ಅದು ಅವರ ಮನೆತನದ ಹೆಸರು.) ಟೆಲಿಕಾಂ ಕಂಪನಿಯೊಂದರಲ್ಲಿ ಐಟಿ ಕೆಲಸ. ಮಗನಿಗೆ ಮೂರು ವರ್ಷ ಆದಾಗ ಆಟಿಸಂ ಇದೆ ಅಂತ ಗೊತ್ತಾಯ್ತು. ಏಳನೇ ವಯಸ್ಸಲ್ಲಿ ಆ ಹುಡುಗ ಯುರೋಪಿನ ನಕ್ಷೆ ಬರೆದು, ಅದರ ತುಂಬ ಚೌಕಗಳು, ಸಂಖ್ಯೆಗಳು ಹಾಕಿದ್ದ. ಏನಿದು ಅಂತ ಅಪ್ಪನಿಗೆ ಅರ್ಥ ಆಗಲಿಲ್ಲ. ಆಮೇಲೆ ನೋಡಿದರೆ ಅದು ಮನೆಯಲ್ಲಿದ್ದ ರೋಡ್ ಅಟ್ಲಾಸಿನ ಸೂಚಿ ಪುಟ. ಪೂರ್ತಿ ನೆನಪಿನಿಂದಲೇ ಬರೆದಿದ್ದ!

ಇಂಥ ಹುಡುಗನಿಗೆ ನಾಳೆ ಕೆಲಸ ಯಾರು ಕೊಡ್ತಾರೆ? 2004ರಲ್ಲಿ ಸೊನ್ನೆ ಮನೆ ಅಡ ಇಟ್ಟು 'ಸ್ಪೆಷಲಿಸ್ಟರ್ನ' ಅನ್ನೋ ಕಂಪನಿ ಶುರು ಮಾಡಿದರು. ಹಾಗಂದ್ರೆ 'ತಜ್ಞರು'. ಅಲ್ಲಿ ಕೆಲಸ ಮಾಡೋರಲ್ಲಿ ಹೆಚ್ಚಿನವರು ಆಟಿಸಂ ಇರುವವರು. ಸಾಫ್ಟ್‌ವೇರ್ ಟೆಸ್ಟಿಂಗ್, ಡೇಟಾ ಕೆಲಸ.

ನನಗೆ ಇದರಲ್ಲಿ ಮುಖ್ಯ ಅನ್ಸೋದು ಅವರು ಜನರನ್ನ ಆರಿಸಿದ ರೀತಿ. ಇಂಟರ್‌ವ್ಯೂ ಅಂದ್ರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ನಗಬೇಕು, 'ನಿಮ್ಮ ಬಗ್ಗೆ ಹೇಳಿ' ಅಂದ ತಕ್ಷಣ ಪಟಪಟ ಅನ್ನಬೇಕು. ಕೋಡ್‌ನಲ್ಲಿ ತಪ್ಪು ಹುಡುಕೋಕೂ ಇದಕ್ಕೂ ಏನ್ರೀ ಸಂಬಂಧ? ಸೊನ್ನೆ ಲೆಗೊ ರೋಬೋಟ್ ಕಿಟ್ ಕೊಟ್ಟು, ಅವರು ಹೇಗೆ ಯೋಚನೆ ಮಾಡ್ತಾರೆ ಅಂತ ನೋಡಿದರು. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಆಫೀಸಲ್ಲಿ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪದ ಸಹೋದ್ಯೋಗಿ ಇದ್ದರು. ಗದ್ದಲ ತಡೆಯೋಕೆ ಹೆಡ್‌ಫೋನ್ ಹಾಕ್ಕೊಳ್ಳೋಕೂ ಅವರಿಗೆ ಬಿಡಲಿಲ್ಲ, ಆರು ತಿಂಗಳಲ್ಲಿ ಬಿಟ್ಟು ಹೋದರು. ಬಿಕಾಂ ಓದಿರೋ ನನ್ನ ಲೆಕ್ಕದಲ್ಲಿ ಅದು ಶುದ್ಧ ನಷ್ಟ.

ಈಗ ನಮ್ಮೂರು. 2013ರಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿ ಸ್ಪೆಷಲಿಸ್ಟರ್ನ ಜೊತೆ ಕೈಜೋಡಿಸಿ, 2020ರೊಳಗೆ ತನ್ನ ಉದ್ಯೋಗಿಗಳಲ್ಲಿ ಶೇ. 1ರಷ್ಟು ಆಟಿಸಂ ಇರುವವರು ಇರಬೇಕು ಅಂತ ಗುರಿ ಇಟ್ಟುಕೊಂಡಿತು. ಅಂದರೆ ಸುಮಾರು 650 ಜನ. ಅಷ್ಟೊತ್ತಿಗಾಗಲೇ ಭಾರತದ ಎಸ್‌ಎಪಿ ಲ್ಯಾಬ್ಸ್ ಅಂಥ ಆರು ಜನರನ್ನ ಟೆಸ್ಟರ್‌ಗಳಾಗಿ ತಗೊಂಡಿತ್ತು. ಹೌದು, ಅದೇ ನಮ್ಮ ವೈಟ್‌ಫೀಲ್ಡ್‌ನ ಎಸ್‌ಎಪಿ. 650ರ ಗುರಿ ಮುಟ್ಟಲಿಲ್ಲ, ಆದರೆ ದಾರಿ ತೆರೀತು.

ಕಾನೂನು ನಿಧಾನಕ್ಕೆ ಬಂತು. 1995ರ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ಅಂಗವೈಕಲ್ಯ, ಅದರಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ ಅದನ್ನ 21ಕ್ಕೆ ಏರಿಸಿತು. ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ ಎರಡೂ ಸೇರಿದವು. ಸರ್ಕಾರಿ ಕೆಲಸದ ಶೇ. 4 ಮೀಸಲಾತಿಯಲ್ಲಿ ಶೇ. 1 ಇವರಿಗೆ ಮತ್ತು ಇನ್ನು ಕೆಲವರಿಗೆ ಸೇರಿ. ಎಡಿಎಚ್‌ಡಿ ಹೆಸರು ಮಾತ್ರ ಆ 21ರಲ್ಲಿ ಇಲ್ಲ. ಇದು ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. 2017ರ ನಿಯಮಗಳ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಬರೆದು, ವೆಬ್‌ಸೈಟಲ್ಲೋ ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲೋ ಹಾಕಬೇಕು. ನಿಮ್ಮ ಕಂಪನಿಯದ್ದು ಎಲ್ಲಿದೆ ಅಂತ ನಾಳೆ ಎಚ್‌ಆರ್ ಅವರನ್ನ ಕೇಳಿ ನೋಡಿ. ಏನಂದ್ರು ಅಂತ ನನಗೂ ವಾಯ್ಸ್ ನೋಟ್ ಕಳಿಸಿ.